ಕಂಠೀರವ ಒಳಾಂಗಣ ಕ್ರೀಡಾಂಗಣ, ಬೆಂಗಳೂರು

ಬೆಂಗಳೂರು ನಗರದ ನಡುಭಾಗದಲ್ಲಿ, ಕಬ್ಬನ್ ಉದ್ಯಾನಕ್ಕೆ ಅನತಿದೂರದಲ್ಲಿ, ಶ್ರೀ ಕಂಠೀರವ ಕ್ರೀಡಾಸಂಕೀರ್ಣದ ಆವರಣದೊಳಗಿರುವ ಛಾವಣಿಯುಳ್ಳ ಕ್ರೀಡಾಭವನ. 1990ರ ದಶಕದ ಮಧ್ಯಭಾಗದಲ್ಲಿ, ಮುಂದೆ 1997ರಲ್ಲಿ ಬೆಂಗಳೂರಿನಲ್ಲಿ ಜರಗಿದ ರಾಷ್ಟ್ರೀಯ ಕ್ರೀಡಾಕೂಟದ ಅಗತ್ಯಗಳನ್ನು ದೃಷ್ಟಿಯಲ್ಲಿಟ್ಟುಕೊಂಡು ಇದನ್ನು ನಿರ್ಮಿಸಲಾಯಿತು. ಸುಮಾರು 4,000 ಪ್ರೇಕ್ಷಕರು ಕುಳಿತು ನೋಡಲು ಇಲ್ಲಿ ಅವಕಾಶವುಂಟು. ಪಕ್ಕದಲ್ಲಿಯೇ ಇರುವ ಬಯಲು ಕ್ರೀಡಾಂಗಣವು ಓಟ, ಎಸೆತ, ಫುಟ್‌ಬಾಲ್‌ಗಳಿಗೆ ಪ್ರಸಿದ್ಧವಾದುದು. ಜನಸಾಮಾನ್ಯರು ಬರಿದೆ ‘ಕಂಠೀರವ’ ಎಂದಾಗ ಸೂಚಿತವಾಗುವುದು ಬಹುಮಟ್ಟಿಗೆ ಅದೇ. ಒಳಾಂಗಣದ ಭವನಕ್ಕೆ ಅದರದೇ ಆದ ಕೀರ್ತಿ ಬಂದದ್ದು ತಡವಾಗಿ; ಅದೂ ತನಗಾಗಿ ಉದ್ದೇಶಿತವಾಗಿದ್ದ ಆಟಗಳಿಗಿಂತ ಹೆಚ್ಚಾಗಿ ಮಣ್ಣಿನಿಂದ ಎದ್ದು ಬಂದ ಕಬಡ್ಡಿಯ ಮೂಲಕ.

ಈ ಭವನದ ಚರಿತ್ರೆಯನ್ನು ಹೇಳಹೊರಟವನು ಅದರ ಅಸ್ತಿಭಾರಕ್ಕೂ ಹಿಂದೆ ಹೋಗಿ, ಅದು ನಿಂತಿರುವ ನೆಲವನ್ನು ಕುರಿತು ನಾಲ್ಕು ಮಾತನಾಡದೆ ಇರುವಂತಿಲ್ಲ. ಇದು ಸಂಪಂಗಿ ಕೆರೆಯ ಅಂಗಳ. ಒಂದು ಕಡೆ ಹಳೆಯ ಪೇಟೆ, ಇನ್ನೊಂದು ಕಡೆ 1809ರಿಂದ ಬೆಳೆಯತೊಡಗಿದ ದಂಡು ಪ್ರದೇಶ, ಈ ಎರಡರ ನಡುವೆ ಹರಡಿದ್ದ ಈ ಕೆರೆ ಕೆಂಪೇಗೌಡರ ಕಾಲದ್ದೆಂಬ ಪ್ರತೀತಿಯುಂಟು. ದಂಡಿನವರಿಗೆ ಕುಡಿಯುವ ನೀರನ್ನೂ, ಸುತ್ತಣ ತಿಗಳರ ತೋಟಗಳಿಗೆ ತೇವವನ್ನೂ ಕೊಡುತ್ತಿದ್ದ ಅದರ ಅವನತಿ, 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ನಗರಕ್ಕೆ ಬಂದ ತರುವಾಯ ಆರಂಭವಾಯಿತೆನ್ನಬಹುದು. ಕುಡಿಯಲು ಬೇಡವಾದ ನೀರು ಕೆಲವರಿಗೆ ಅನಾವಶ್ಯಕವಾಗಿಯೂ, ಸೊಳ್ಳೆಯ ನೆಲೆಯಾಗಿಯೂ ಕಾಣತೊಡಗಿತು. ಬತ್ತಿದ ಭಾಗಗಳಲ್ಲಿ ದಂಡಿನ ಅಧಿಕಾರಿಗಳು ಕುದುರೆ ಹತ್ತಿ ಪೋಲೊ ಆಡಿದರು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ ಕೆರೆಯೆಂಬುದು ಒಂದು ಪುಟ್ಟ ಕೊಳವಾಗಿ ಮೂಲೆ ಸೇರಿತ್ತು. ಆ ಕೊಳ ಇಂದಿಗೂ ಇದೆ. ಚೈತ್ರಮಾಸದಲ್ಲಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದ ಕರಗ ನಡೆಯುವಾಗ, ಹುಣ್ಣಿಮೆಗೆ ಮುಂಚಿನ ಹಸಿ ಕರಗದ ವಿಧಿಗಾಗಿ ವೀರಕುಮಾರರು ಕತ್ತಿ ಹಿಡಿದು ಬರುವುದು ಈ ಸಂಪಂಗಿ ಕೆರೆಯ ಅವಶೇಷಕ್ಕೇ. ಆ ದಿನ ಆ ನೆಲದ ಹಳೆಯ ಒಡೆತನ ಕ್ಷಣಕಾಲ ನೆನಪಿಗೆ ಬರುತ್ತದೆ. ಮಿಕ್ಕ ದಿನಗಳಲ್ಲಿ ಸಂಪಂಗಿರಾಮನಗರವೆಂಬ ಬಡಾವಣೆಯ ಹೆಸರೊಂದೇ ಅದರ ಸಾಕ್ಷಿ.

ಸಂಪಂಗಿಯದು ಒಂಟಿ ಕಥೆಯಲ್ಲ. ಶೂಲೆ ಕೆರೆ ಫುಟ್‌ಬಾಲ್ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಕ್ರೀಡಾಂಗಣವಾಯಿತು. ಚಲ್ಲಘಟ್ಟದ ಕೆರೆಯಲ್ಲಿ ಗಾಲ್ಫ್ ಮೈದಾನ ಹರಡಿಕೊಂಡಿತು. ಕೋರಮಂಗಲದ ಕೆರೆಯ ಜಾಗಕ್ಕೆ ರಾಷ್ಟ್ರೀಯ ಕ್ರೀಡಾಕೂಟದ ಗ್ರಾಮವೇ ಬಂದಿತು. ಧರ್ಮಾಂಬುಧಿಯೊಂದು ಆಟಕ್ಕೆ ಸಲ್ಲದೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಬೆಂಗಳೂರಿನ ಆಟದ ಬಯಲುಗಳ ನಕ್ಷೆಯೊಂದನ್ನು ಬರೆದರೆ ಅದು ಬಹುಪಾಲು ಕಳೆದುಹೋದ ಕೆರೆಗಳ ನಕ್ಷೆಯೇ ಆಗುತ್ತದೆಂಬುದು ಅತಿಶಯೋಕ್ತಿಯಲ್ಲ. ಇದಕ್ಕೆ ಕಾರಣ ಸುಲಭಗ್ರಾಹ್ಯ: ನಗರದ ನಡುವೆ ಸಮತಟ್ಟಾಗಿ, ಮನೆಗಳಿಲ್ಲದೆ, ಸರ್ಕಾರದ ವಶದಲ್ಲಿ ಉಳಿದಿದ್ದ ವಿಶಾಲ ಭೂಮಿ ಕೆರೆಯಂಗಳಗಳನ್ನು ಬಿಟ್ಟರೆ ಬೇರೆ ಎಲ್ಲಿತ್ತು? ಮಧುಗಿರಿ, ಪಾವಗಡ, ಶಿರಾ ಕಡೆಯ ಬಯಲುಸೀಮೆಯವರಿಗೆ ಕೆರೆಯಂಗಳದಲ್ಲಿ ಆಡುವುದು ಹೊಸತೇನಲ್ಲ. ಐ.ಡಿ.ಹಳ್ಳಿಯಂಥ ಹೋಬಳಿಗಳಲ್ಲಿ ಮಳೆ ಕೈಕೊಟ್ಟ ವರ್ಷಗಳು ಒಂದರ ಮೇಲೊಂದು ಬಂದಾಗ, ಜಾಲಿಮರ ಹಬ್ಬದೆ ಉಳಿದ ಕೆರೆಯ ನೆಲವೇ ಹುಡುಗರ ಕ್ರಿಕೆಟ್ಟಿಗೂ ಕಬಡ್ಡಿಗೂ ಆಸರೆ. ಆದರೆ ಅಲ್ಲಿ ಮಳೆ ಬಂದು ಕೆರೆ ಕೋಡಿ ಬಿದ್ದಿತೆಂದರೆ ಆಟವನ್ನು ನಿಲ್ಲಿಸಿ ಊರವರೆಲ್ಲ ಗಂಗಾಪೂಜೆಗೆ ನಡೆಯುತ್ತಾರೆ. ನೆಲ ನೀರಿಗೆ ಮರಳುತ್ತದೆ. ರಾಜಧಾನಿಯಲ್ಲಿ ಹಾಗೆ ಮರಳುವ ದಾರಿಯನ್ನು ಕಾಂಕ್ರೀಟು ಮುಚ್ಚಿತು. ಈ ವಿನಿಮಯದಲ್ಲಿ ನಗರಕ್ಕೆ ಲಾಭವೆಷ್ಟು, ನಷ್ಟವೆಷ್ಟು ಎಂಬ ಲೆಕ್ಕ ಕ್ರೀಡೆಯ ಚರಿತ್ರಕಾರನ ಕೈಗೆ ಮೀರಿದ್ದು. ಆದರೂ ಲೆಕ್ಕವೊಂದು ಇದೆಯೆಂಬುದನ್ನು ಅವನು ಮರೆಮಾಡಲಾಗದು.

ಕ್ರೀಡಾಂಗಣಕ್ಕೆ ಹೆಸರು ಕೊಟ್ಟ ದೊರೆ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು. ಅವರ ಆಳ್ವಿಕೆ 1638ರಿಂದ 1659ರವರೆಗೆ. ಪಟ್ಟಕ್ಕೆ ಬರುವ ಮುನ್ನ ಅವರು ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ, ತನಗೆ ಎದುರಿಲ್ಲವೆಂದು ಬೀಗುತ್ತಿದ್ದ ಅಲ್ಲಿಯ ಜಟ್ಟಿಯೊಬ್ಬನನ್ನು ಕಾಳಗದಲ್ಲಿ ಕೆಡವಿ, ಆಸ್ಥಾನದ ಬಹುಮಾನಕ್ಕೂ ಕಾಯದೆ ಹಿಂದಿರುಗಿದರೆಂಬ ಐತಿಹ್ಯ ನಾಡಿನಲ್ಲಿ ಮನೆಮಾತಾಗಿದೆ. ಐತಿಹ್ಯದಲ್ಲಿ ಎಷ್ಟು ನಿಜವೋ, ಅಂಗಸಾಧನೆಯಲ್ಲಿ ಅವರಿಗಿದ್ದ ಆಸಕ್ತಿಯಂತೂ ನಿರ್ವಿವಾದ. ಗೋವಿಂದವೈದ್ಯನು 1648ರಲ್ಲಿ ರಚಿಸಿದ ‘ಕಂಠೀರವ ನರಸರಾಜ ವಿಜಯ’ವೆಂಬ ಸಾಂಗತ್ಯ ಕಾವ್ಯವು ಶ್ರೀರಂಗಪಟ್ಟಣದ ಮಹಾನವಮಿಯ ವೈಭವಕ್ಕೆ ಸಮಕಾಲೀನ ಸಾಕ್ಷ್ಯವಾಗಿದೆ. ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ಗಮನಿಸಬೇಕು. ಕಂಠೀರವರು ಪಟ್ಟವೇರಿದ ಕಾಲದಲ್ಲಿಯೇ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಬೆಂಗಳೂರನ್ನು ಕೆಂಪೇಗೌಡನ ವಂಶದವರಿಂದಲೂ, ಶಿರಾವನ್ನು ಅಲ್ಲಿಯ ಪಾಳೆಯಗಾರರಿಂದಲೂ ಗೆದ್ದುಕೊಂಡು, ಶ್ರೀರಂಗಪಟ್ಟಣದ ಮೇಲೂ ಏರಿಬಂದನು; ಅಲ್ಲಿ ಕಂಠೀರವರು ಅವನನ್ನು ಹಿಮ್ಮೆಟ್ಟಿಸಿದರು. ಬೆಂಗಳೂರು ಷಹಾಜಿಯ ಜಹಗೀರಿಗೆ ಸೇರಿತು. ಅಂದಮೇಲೆ ಇಂದು ಅವರ ಹೆಸರಿನ ಕ್ರೀಡಾಂಗಣವಿರುವ ಊರು ಅವರ ಕಾಲದಲ್ಲಿ ಅವರ ರಾಜ್ಯಕ್ಕೆ ಸೇರಿದುದೇ ಆಗಿರಲಿಲ್ಲ. ಮಧುಗಿರಿ ಮೈಸೂರಿನ ವಶವಾದದ್ದು 1678ರಲ್ಲಿ, ಬೆಂಗಳೂರು 1687ರಲ್ಲಿ. ಎರಡೂ ಚಿಕ್ಕದೇವರಾಜ ಒಡೆಯರ ಕಾಲದ ಮಾತು. ಆದರೆ ಆಟದ ಮನೆಗೆ ಕುಸ್ತಿಯ ದೊರೆಯ ಹೆಸರಿಟ್ಟದ್ದು ರಾಜಕೀಯ ಭೂಗೋಳವನ್ನು ನೋಡಿಯಲ್ಲವಾದ್ದರಿಂದ ಈ ಆಕ್ಷೇಪವನ್ನು ಬಹಳ ಬೆಳೆಸಬೇಕಾದುದಿಲ್ಲ.

ಕುಸ್ತಿಯ ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತು. ಒಳಾಂಗಣ ಕ್ರೀಡಾಂಗಣವೆಂಬುದು ಪಾಶ್ಚಾತ್ಯರಿಂದ ಬಂದ ಕಲ್ಪನೆಯೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಕನ್ನಡ ನಾಡಿನ ಗರಡಿಮನೆಯನ್ನು ಕಂಡವರು ಈ ಮಾತಿಗೆ ಒಪ್ಪಲಾರರು. ತಗ್ಗಾದ ಬಾಗಿಲು, ಮಂದವಾದ ಬೆಳಕು, ಎಣ್ಣೆ ಅರಿಶಿನಗಳನ್ನು ಬೆರೆಸಿ ಹದಗೊಳಿಸಿದ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿದ ಗದೆಗಳು, ಗೂಡಿನಲ್ಲಿ ಹನುಮಂತ: ಹೀಗೆ ಒಂದೇ ಆಟಕ್ಕಾಗಿ, ಆ ಆಟದ ನೆಲವನ್ನು ಬಿಸಿಲುಮಳೆಗಳಿಂದ ಕಾಪಾಡುವುದಕ್ಕಾಗಿ ಕಟ್ಟಿದ ಮನೆ ನಮ್ಮ ಪೇಟೆಗಳಲ್ಲಿ ಶತಮಾನಗಳಿಂದ ಇದೆ. ಅಲ್ಲಿ ಇಲ್ಲದಿದ್ದುದು ಪ್ರೇಕ್ಷಕನಿಗೆ ಜಾಗ. ಸಾಮು ಒಳಗೆ, ಪಂದ್ಯ ಹೊರಗೆ ಎಂಬುದು ಗರಡಿಯ ಕ್ರಮ. ದಸರೆಯ ಕುಸ್ತಿಯಾಗಲಿ ಊರ ಜಾತ್ರೆಯ ಕುಸ್ತಿಯಾಗಲಿ ನಡೆಯುತ್ತಿದ್ದುದು ಬಯಲಿನ ಅಖಾಡದಲ್ಲಿ. ಅಭ್ಯಾಸವನ್ನೂ ಪ್ರದರ್ಶನವನ್ನೂ ಒಂದೇ ಸೂರಿನ ಕೆಳಗೆ ತಂದದ್ದಷ್ಟೇ ಹೊಸ ಕಾಲದ ಕೊಡುಗೆ.

ಆ ಹೊಸ ಕಾಲದ ಮೂಲವಾದರೋ ಶೀತದೇಶಗಳ ಚಳಿ. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ 1891ರ ಚಳಿಗಾಲದಲ್ಲಿ ಹಿಮದಿಂದಾಗಿ ಹೊರಗೆ ಆಡಲಾಗದೆ ಬೇಸತ್ತಿದ್ದ ತರುಣರಿಗಾಗಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನು ಬಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದನು. 1895ರಲ್ಲಿ ಅದೇ ಪ್ರಾಂತದ ಹೋಲಿಯೋಕಿನಲ್ಲಿ ವಾಲಿಬಾಲ್ ಹುಟ್ಟಿತು. ಎರಡನ್ನೂ ಹುಟ್ಟಿಸಿದ ಕ್ರೈಸ್ತ ತರುಣರ ಸಂಘ, ಅಂದರೆ ವೈ.ಎಂ.ಸಿ.ಎ., 1920ರಲ್ಲಿ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣ ಕಾಲೇಜನ್ನು ತೆರೆಯಿತು. ಅಲ್ಲಿಂದ ಹೊರಬಂದ ಶಿಕ್ಷಕರ ಮೂಲಕ ಈ ಆಟಗಳು ದಕ್ಷಿಣದ ಶಾಲೆಗಳ ಅಂಗಳಕ್ಕೆ ಹಬ್ಬಿದವು. ಛಾವಣಿಯ ಕೆಳಗೆ ಹುಟ್ಟಿದ ಆಟಗಳು ಇಲ್ಲಿ ಬಿಸಿಲಿಗೆ ಬಂದವು! ಬೆಂಗಳೂರಿನ ಹವೆಯಲ್ಲಿ ಅವಕ್ಕೆ ಸೂರಿನ ಅಗತ್ಯ ಕಾಣಲೂ ಇಲ್ಲ. ಸೂರು ಬೇಕೇಬೇಕೆಂದು ಹಟ ಹಿಡಿದದ್ದು ಬ್ಯಾಡ್ಮಿಂಟನ್. ಹದಿನಾರು ಗರಿಗಳ, 5 ಗ್ರಾಂ ಆಸುಪಾಸಿನ ತೂಕದ ಷಟಲ್ ಕಾಕ್ ಮಂದಮಾರುತಕ್ಕೂ ದಾರಿ ತಪ್ಪುವಂಥದು. ಆದಕಾರಣ ಆ ಆಟ ಸಿಕ್ಕ ಸೂರನ್ನು ಆಶ್ರಯಿಸಿತು. ಪ್ರಕಾಶ್ ಪಡುಕೋಣೆಯವರು ಬಾಲ್ಯದಲ್ಲಿ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ; ಅದು ಮದುವೆಗಳಿಗೂ ಕೊಡುತ್ತಿದ್ದ ಛತ್ರವಾದುದರಿಂದ ಲಗ್ನದ ದಿನಗಳಲ್ಲಿ ಆಟಕ್ಕೆ ರಜ. ಅವರೇ 1980ರಲ್ಲಿ ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ಇಂಡೋನೇಷ್ಯದ ಲಿಯೆಮ್ ಸ್ವೀ ಕಿಂಗ್‌ನನ್ನು ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದರು. ಆ ವೆಂಬ್ಲಿಯ ಭವನವಾದರೂ 1934ರಲ್ಲಿ ಈಜುಕೊಳವಾಗಿ ಹುಟ್ಟಿ, 1948ರ ಒಲಿಂಪಿಕ್ಸ್ ಮುಗಿದ ಮೇಲೆ ಕೊಳವನ್ನು ಮುಚ್ಚಿಕೊಂಡು ಅಂಕಣವಾದದ್ದು. ನೀರಿದ್ದ ಜಾಗದಲ್ಲಿ ಆಟದ ಮನೆ ಏಳುವುದು ಬೆಂಗಳೂರಿಗೆ ಮಾತ್ರ ಮೀಸಲಾದ ಪದ್ಧತಿಯಲ್ಲವೆಂದು ಇದರಿಂದ ತಿಳಿಯುತ್ತದೆ.

ಭಾರತದಲ್ಲಿ ದೊಡ್ಡ ಒಳಾಂಗಣಗಳು ಎದ್ದದ್ದು ದೊಡ್ಡ ಕೂಟಗಳ ನೆಪದಲ್ಲಿ. 1975ರ ವಿಶ್ವ ಟೇಬಲ್ ಟೆನ್ನಿಸ್ ಪಂದ್ಯಗಳಿಗಾಗಿ ಕಲ್ಕತ್ತೆಯಲ್ಲಿ ನೇತಾಜಿ ಒಳಾಂಗಣ, 1982ರ ಏಷ್ಯನ್ ಕ್ರೀಡೆಗಳಿಗಾಗಿ ದೆಹಲಿಯಲ್ಲಿ ಇಂದಿರಾ ಗಾಂಧಿ ಒಳಾಂಗಣ ನಿರ್ಮಾಣವಾದವು. ಬೆಂಗಳೂರಿಗೆ ಆ ನೆಪವನ್ನು ಒದಗಿಸಿದ್ದು ರಾಷ್ಟ್ರೀಯ ಕ್ರೀಡಾಕೂಟ. 1985ರಲ್ಲಿ ದೆಹಲಿಯಲ್ಲಿ ಹೊಸ ರೂಪದಲ್ಲಿ ಆರಂಭವಾದ ಈ ಕೂಟ ಕೇರಳ, ಪುಣೆಗಳನ್ನು ಮುಗಿಸಿ, 1997ರಲ್ಲಿ ತನ್ನ ನಾಲ್ಕನೆಯ ಆವೃತ್ತಿಗೆ ಕರ್ನಾಟಕಕ್ಕೆ ಬಂದಿತು. ಕಂಠೀರವದ ಭವನವೂ ಕೋರಮಂಗಲದ ಒಳಾಂಗಣವೂ ಆ ಸಿದ್ಧತೆಯ ಫಲಗಳು. ಕೂಟಗಳಿಗಾಗಿ ಕಟ್ಟಿದ ಭವನಗಳು ಕೂಟ ಮುಗಿದೊಡನೆ ಬೀಗ ಜಡಿಸಿಕೊಂಡು ಪಾರಿವಾಳಗಳ ಪಾಲಾಗುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಕಂಠೀರವ ಆ ಗತಿಯಿಂದ ಪಾರಾದುದಕ್ಕೆ ಅದರ ಸ್ಥಾನವೇ ಮುಖ್ಯ ಕಾರಣವೆಂದು ತೋರುತ್ತದೆ. ಊರ ನಡುವೆ ಇರುವುದನ್ನು ಮರೆಯುವುದು ಕಷ್ಟ.

ಇಂಥ ಭವನದ ಒಳಗಣ ವ್ಯವಸ್ಥೆಯನ್ನು ಸ್ವಲ್ಪ ವಿವರಿಸುವುದು ಅಪ್ರಸ್ತುತವಾಗದು. ಒಂದೇ ನೆಲದ ಮೇಲೆ ಅನೇಕ ಆಟಗಳು ನಡೆಯಬೇಕಾದುದರಿಂದ, ಅವುಗಳಲ್ಲಿ ವಿಶಾಲವಾದುದರ ಅಳತೆಗೆ ನೆಲವನ್ನು ಹೊಂದಿಸಬೇಕಾಗುತ್ತದೆ. ಬಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಅದರ ಬಳೆ ನೆಲದಿಂದ 3.05 ಮೀಟರ್ ಎತ್ತರ. ವಾಲಿಬಾಲಿಗೆ 18 ಮೀಟರ್ ಉದ್ದ, 9 ಮೀಟರ್ ಅಗಲ ಸಾಕು. ಬ್ಯಾಡ್ಮಿಂಟನ್ನಿಗೆ 13.40 ಮೀಟರ್ ಉದ್ದ, 6.10 ಮೀಟರ್ ಅಗಲ ಸಾಕಾದರೂ, ಮೇಲೆ ಹೊಡೆದ ಷಟಲ್ ತೊಲೆಗಳಿಗೆ ತಗಲದಂತೆ ಛಾವಣಿ ಸಾಕಷ್ಟು ಎತ್ತರದಲ್ಲಿರಬೇಕು. ಬಾಸ್ಕೆಟ್‌ಬಾಲಿಗೆ ಮರದ ನೆಲ ಉತ್ತಮ, ಏಕೆಂದರೆ ನೆಗೆದು ಇಳಿಯುವ ಆಟಗಾರನ ಮಂಡಿಗೆ ಕಾಂಕ್ರೀಟು ಶತ್ರು. ಹಲಗೆಯ ಕೆಳಗೆ ಸ್ವಲ್ಪ ಬಾಗುವ ಪಟ್ಟಿಗಳನ್ನು ಹಾಸಿದರೆ ನೆಲವೇ ಹೊಡೆತವನ್ನು ನುಂಗಿಕೊಳ್ಳುತ್ತದೆ. ಗಾಳಿಯ ವಿಷಯವಾದರೋ ಇನ್ನೂ ಸೂಕ್ಷ್ಮ. ಸಾವಿರಾರು ಜನ ಕುಳಿತ ಕಡೆ ಸೆಕೆಯನ್ನು ಹೊರಹಾಕಬೇಕು. ಆದರೆ ಪಂಖವಾಗಲಿ ಹವಾನಿಯಂತ್ರಣ ಯಂತ್ರವಾಗಲಿ ಎಬ್ಬಿಸುವ ಗಾಳಿ ಷಟಲನ್ನು ಅಂಕಣದಿಂದಾಚೆಗೆ ಒಯ್ಯಬಾರದು. ಅನುಭವಿಗಳಾದ ಆಟಗಾರರು ಪಂದ್ಯಕ್ಕೆ ಮೊದಲು ಎರಡೂ ತುದಿಗಳಿಂದ ಒಂದೆರಡು ಷಟಲುಗಳನ್ನು ಸುಮ್ಮನೆ ಹೊಡೆದು ಗಾಳಿ ಎತ್ತ ಎಳೆಯುತ್ತಿದೆಯೆಂದು ಪರೀಕ್ಷಿಸುವುದನ್ನು ಗಮನವಿಟ್ಟು ನೋಡಬಹುದು.

ಬಾಸ್ಕೆಟ್‌ಬಾಲ್ ಈ ಭವನದ ಗಂಭೀರವಾದ ಆಟ. 2017ರ ಜುಲೈ 23ರಿಂದ 29ರವರೆಗೆ ಮಹಿಳೆಯರ ಏಷ್ಯಾ ಕಪ್ ಪಂದ್ಯಾವಳಿ ಬೆಂಗಳೂರಿನಲ್ಲಿ ನಡೆದಾಗ ಕಂಠೀರವ ಅದರ ಪ್ರಧಾನ ರಂಗವಾಗಿತ್ತು. ಮೇಲಿನ ವಿಭಾಗದ ಅಂತಿಮ ಪಂದ್ಯದಲ್ಲಿ ಜಪಾನ್ ಆಸ್ಟ್ರೇಲಿಯವನ್ನು 74-73ರಿಂದ, ಎರಡನೆಯ ವಿಭಾಗದಲ್ಲಿ ಭಾರತ ಕಜಾಕಸ್ತಾನವನ್ನು 75-73ರಿಂದ ಗೆದ್ದವು. ಹೀಗೆ ಒಂದೇ ಕೂಟದ ಎರಡು ಅಂತಿಮ ಪಂದ್ಯಗಳು ಒಂದು, ಎರಡು ಅಂಕಗಳ ಅಂತರದಲ್ಲಿ ಮುಗಿದದ್ದು ವಿರಳ. ಬ್ಯಾಡ್ಮಿಂಟನ್ನಿನಲ್ಲಿ 2019ರ ಜನವರಿ 13ರಂದು ಪ್ರೀಮಿಯರ್ ಲೀಗಿನ ಅಂತಿಮ ಪಂದ್ಯ ಇಲ್ಲಿ ನಡೆದು, ಆತಿಥೇಯರಾದ ಬೆಂಗಳೂರು ರಾಪ್ಟರ್ಸ್ ತಂಡ ಮುಂಬಯಿಯ ಎದುರು ಪ್ರಶಸ್ತಿಯನ್ನು ಗಳಿಸಿತು.

ಆದರೆ ಜನ ಈ ಭವನವನ್ನು ತಮ್ಮದಾಗಿ ಮಾಡಿಕೊಂಡದ್ದು 2014ರ ತರುವಾಯ. ಆ ವರ್ಷ ಆರಂಭವಾದ ಪ್ರೊ ಕಬಡ್ಡಿ ಲೀಗಿನಲ್ಲಿ ಬೆಂಗಳೂರು ಬುಲ್ಸ್ ತಂಡಕ್ಕೆ ಕಂಠೀರವ ಒಳಾಂಗಣ ತವರಾಯಿತು. ಅಲ್ಲಿಯವರೆಗೆ ಕಬಡ್ಡಿಯೆಂದರೆ ನಮ್ಮ ಜನರ ಮನಸ್ಸಿನಲ್ಲಿದ್ದ ಚಿತ್ರವೇ ಬೇರೆ. ಹಬ್ಬದ ಮರುದಿನ ಶಾಲೆಯ ಮೈದಾನದಲ್ಲಿ ಕಲ್ಲು ಆರಿಸಿ, ಮಣ್ಣನ್ನು ಜರಡಿ ಹಿಡಿದು, ಬಿಂದಿಗೆಯಲ್ಲಿ ನೀರು ಚಿಮುಕಿಸಿ ಧೂಳನ್ನು ಅಡಗಿಸಿ, ಸುಣ್ಣದ ಪುಡಿಯಿಂದ ಗೆರೆಯೆಳೆದ ಅಂಕಣ. ನಾಲ್ಕು ಮೂಲೆಗೆ ನೆಟ್ಟ ಕಂಬಗಳಿಗೆ ಕಟ್ಟಿದ ಟ್ಯೂಬ್‌ಲೈಟುಗಳು. ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಎಂದು ಅಚ್ಚುಹಾಕಿಸಿದ ಕರಪತ್ರ. ಮೈಕಿನಲ್ಲಿ ಎಡೆಬಿಡದ ವೀಕ್ಷಕ ವಿವರಣೆ. ಪಕ್ಕದಲ್ಲಿ ಮಂಡಕ್ಕಿ ಬೋಂಡಾದ ಅಂಗಡಿ. ಆಟಗಾರ ಬರಿಗಾಲಿನಲ್ಲಿ ಇಳಿಯುತ್ತಾನೆ. ದಾಳಿಗೆ ಹೊರಡುವ ಮುನ್ನ ಬಗ್ಗಿ ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಅದೇ ಮಣ್ಣನ್ನು ಅಂಗೈಗೆ ತಿಕ್ಕಿಕೊಂಡು, ಬೆವರಿದ ಕೈಗೆ ಹಿಡಿತ ಬರಿಸಿಕೊಳ್ಳುತ್ತಾನೆ. ಆ ಮಣ್ಣು ಅವನ ಆಟದ ಅರ್ಧಭಾಗ: ಜಾರುವುದೂ ಅದರಿಂದ, ತಡೆದು ನಿಲ್ಲುವುದೂ ಅದರಿಂದ, ಮೊಣಕೈ ಸುಲಿಯುವುದೂ ಅದರಿಂದಲೇ.

ಒಳಾಂಗಣಕ್ಕೆ ಬಂದಾಗ ಇದೆಲ್ಲ ಬದಲಾಯಿತು. ಮರದ ನೆಲದ ಮೇಲೆ, ಅಂಚಿನ ಹಲ್ಲುಗಳಿಂದ ಒಂದಕ್ಕೊಂದು ಕಚ್ಚಿಕೊಳ್ಳುವ ಮೆತ್ತನೆಯ ಮ್ಯಾಟ್ ತುಂಡುಗಳನ್ನು ಹಾಸಿ ಅಂಕಣವನ್ನು ಹೊಂದಿಸುತ್ತಾರೆ. ಪುರುಷರಿಗಾದರೆ ಪಕ್ಕದ ಲಾಬಿಗಳೂ ಸೇರಿ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ ದಾಳಿಗಾರ ದಾಟಲೇಬೇಕಾದ ಗೆರೆ, ಅದಕ್ಕೂ 1 ಮೀಟರ್ ಆಚೆಗೆ ಬೋನಸ್ ಗೆರೆ. ಬರಿಗಾಲಿಗೆ ಬೂಟು ಬಂತು. ಉಸಿರು ಕಟ್ಟಿ ‘ಕಬಡ್ಡಿ ಕಬಡ್ಡಿ’ ಎನ್ನುವುದು ಉಳಿದರೂ, ದಾಳಿಯ ಅವಧಿಯನ್ನು ನಿರ್ಧರಿಸುವ ಅಧಿಕಾರ ಉಸಿರಿನಿಂದ 30 ಸೆಕೆಂಡಿನ ಗಡಿಯಾರಕ್ಕೆ ದಾಟಿತು. ಇದು ಸಾಮಾನ್ಯ ವ್ಯತ್ಯಾಸವಲ್ಲ. ದಮ್ಮಿನ ಆಟವಾಗಿದ್ದುದು ವೇಗದ ಆಟವಾಯಿತು. ಪಾದವೊಂದು ಗೆರೆಯನ್ನು ಮೆಟ್ಟಿತೋ ಇಲ್ಲವೋ ಎಂಬುದನ್ನು ದೂರದರ್ಶನದ ಕ್ಯಾಮೆರಾ ಮತ್ತೆ ಮತ್ತೆ ತೋರಿಸುವಂತಾಯಿತು. ಬಯಲಿನ ಆಟದಲ್ಲಿ ಅಂಥ ತಕರಾರುಗಳನ್ನು ಊರ ಹಿರಿಯರು ಬಗೆಹರಿಸುತ್ತಿದ್ದರು, ಬಗೆಹರಿಯದಿದ್ದರೆ ಪಂದ್ಯವೇ ನಿಲ್ಲುತ್ತಿತ್ತು. ಮಣ್ಣಿನ ಆಟದ ರಸ ಮ್ಯಾಟಿನಲ್ಲಿ ಇಲ್ಲವೆಂದು ಹಳಬರು ಕೊರಗುವುದುಂಟು. ಆ ಕೊರಗು ನ್ಯಾಯವಾದರೂ, ಹಳ್ಳಿಯ ಹುಡುಗನ ದೇಹಬಲಕ್ಕೆ ಸಂಬಳ ತಂದುಕೊಟ್ಟದ್ದು ಮ್ಯಾಟೇ ಎಂಬುದನ್ನು ಒಪ್ಪಿಕೊಳ್ಳದೆ ಗತಿಯಿಲ್ಲ.

ಬುಲ್ಸ್ ತಂಡದ ಭಾಗ್ಯಕ್ಕೂ ಈ ಭವನಕ್ಕೂ ನಂಟು ಸದಾ ಸುಗಮವಾಗಿರಲಿಲ್ಲ. 2017ರಲ್ಲಿ ತಂಡ ತನ್ನ ತವರಿನ ಪಂದ್ಯಗಳನ್ನು ನಾಗಪುರದಲ್ಲಿ ಆಡಿತು. ಅದಕ್ಕೆ ಪ್ರಶಸ್ತಿ ಒಲಿದದ್ದು 2019ರ ಜನವರಿ 5ರಂದು ಮುಂಬಯಿಯಲ್ಲಿ. ಪವನ್ ಸೆಹ್ರಾವತ್ 22 ಅಂಕಗಳನ್ನು ದೋಚಿದ ಆ ಪಂದ್ಯದಲ್ಲಿ ಗುಜರಾತ್ ತಂಡ 38-33ರಿಂದ ಸೋತಿತು. ಮಹಾಮಾರಿಯ ಕಾಲದಲ್ಲಿ, 2021-22ರ ಆವೃತ್ತಿಯನ್ನು ಬೆಂಗಳೂರಿನ ವೈಟ್‌ಫೀಲ್ಡಿನ ಹೋಟೆಲೊಂದರೊಳಗೆ ಪ್ರೇಕ್ಷಕರಿಲ್ಲದೆ ನಡೆಸಬೇಕಾಯಿತು. ಊರು ಬೆಂಗಳೂರೇ ಆದರೂ ಕೇಕೆಯಿಲ್ಲದ ಕಬಡ್ಡಿಯನ್ನು ಕಬಡ್ಡಿಯೆಂದು ಒಪ್ಪಲು ಜನರಿಗೆ ಮನಸ್ಸು ಬರಲಿಲ್ಲ. 2022ರ ಅಕ್ಟೋಬರ್ 7ರಂದು ಒಂಬತ್ತನೆಯ ಆವೃತ್ತಿ ಕಂಠೀರವದಲ್ಲಿಯೇ ಆರಂಭವಾಗಿ, ಪ್ರೇಕ್ಷಕರು ಮತ್ತೆ ತಮ್ಮ ಆಸನಗಳಿಗೆ ಬಂದರು.

ಕ್ರೀಡೇತರ ಉಪಯೋಗಗಳ ವಿಷಯದಲ್ಲಿ ಬಯಲಿನ ಕಂಠೀರವದ ಪಾತ್ರ ಹಿರಿದು. 2013ರಲ್ಲಿಯೂ 2023ರಲ್ಲಿಯೂ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು ಅಲ್ಲಿ. 2006ರ ಏಪ್ರಿಲಿನಲ್ಲಿ ಡಾ. ರಾಜಕುಮಾರ್ ಅವರ, 2021ರ ಅಕ್ಟೋಬರಿನಲ್ಲಿ ಅವರ ಪುತ್ರ ಪುನೀತರ ಪಾರ್ಥಿವ ಶರೀರಗಳಿಗೆ ನಾಡು ಅಂತಿಮ ನಮನ ಸಲ್ಲಿಸಿದ್ದೂ ಅಲ್ಲಿಯೇ. ಅಂಥ ದಿನಗಳಲ್ಲಿ ಒಳಾಂಗಣ ಹಿಂದಕ್ಕೆ ಸರಿಯುತ್ತದೆ. ಆವರಣ ಒಂದೇ ಆದುದರಿಂದ ಅಲ್ಲಿಯ ಅಭ್ಯಾಸವೂ ನಿಲ್ಲಬೇಕಾಗುತ್ತದೆ. ನಗರದಲ್ಲಿ ಸಾರ್ವಜನಿಕ ಶೋಕಕ್ಕೂ ಸಂಭ್ರಮಕ್ಕೂ ಬೇರೆ ವಿಶಾಲ ಸ್ಥಳವಿಲ್ಲದಿರುವಾಗ ಕ್ರೀಡಾಳುಗಳು ಗೊಣಗಿದರೂ ಈ ವ್ಯವಸ್ಥೆ ಮುಂದುವರಿಯುವುದೇ ಸಂಭವನೀಯ.

ಸೋದರ ಭವನವಾದ ಕೋರಮಂಗಲದ ಒಳಾಂಗಣವು ವಾಲಿಬಾಲಿನಲ್ಲಿ ಹೆಸರು ಮಾಡಿದೆ. 2023ರ ಡಿಸೆಂಬರಿನಲ್ಲಿ ಪುರುಷರ ವಿಶ್ವ ಕ್ಲಬ್ ವಾಲಿಬಾಲ್ ಪಂದ್ಯಾವಳಿ ಅಲ್ಲಿ ನಡೆದು, ಇಟಲಿಯ ಪೆರುಜಾ ತಂಡ ಬ್ರೆಜಿಲಿನ ಮಿನಾಸ್ ತಂಡವನ್ನು ಸೋಲಿಸಿತು. ಜಿಲ್ಲೆಗಳಲ್ಲಿಯೂ ಛಾವಣಿಯ ಅಂಕಣಗಳು ಏಳತೊಡಗಿವೆ. ತುಮಕೂರಿನ ಮಹಾತ್ಮಾ ಗಾಂಧಿ ಕ್ರೀಡಾಂಗಣವನ್ನು ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹೊಸದಾಗಿ ಕಟ್ಟಲಾಗಿದೆ. ತಾಲ್ಲೂಕು ಕೇಂದ್ರಗಳ ಒಳಾಂಗಣಗಳು ಬಹುಪಾಲು ಒಂದೆರಡು ಷಟಲ್ ಅಂಕಣಗಳಷ್ಟೇ ವಿಶಾಲವಾದವು. ಬೆಳಗಿನ ಹೊತ್ತು ನೌಕರರೂ ವರ್ತಕರೂ ಆಡಿ ಹೋದಮೇಲೆ ಮಧ್ಯಾಹ್ನವೆಲ್ಲ ಅವುಗಳ ಬಾಗಿಲು ಮುಚ್ಚಿರುತ್ತದೆ. ಕಬಡ್ಡಿಯಾದರೋ ಆ ಬಾಗಿಲಿಗಾಗಿ ಕಾದು ಕುಳಿತಿಲ್ಲ. ಮಧುಗಿರಿ, ಕೊರಟಗೆರೆ ಕಡೆಯ ಹಳ್ಳಿಗಳ ಪಂದ್ಯಾವಳಿಗಳಿಗೂ ಬಾಡಿಗೆಯ ಮ್ಯಾಟ್ ಲಾರಿಯಲ್ಲಿ ಬಂದು ಶಾಲೆಯ ಮೈದಾನದ ಮಣ್ಣಿನ ಮೇಲೆ ಹಾಸಿಕೊಳ್ಳುತ್ತದೆ. ಕರಪತ್ರದಲ್ಲಿ ‘ಹೊನಲು ಬೆಳಕಿನ’ ಎಂಬುದರ ಮುಂದೆ ‘ಮ್ಯಾಟ್’ ಎಂಬ ಇನ್ನೊಂದು ಮಾತು ಸೇರಿದೆ. ಸೂರು ಮಾತ್ರ ಇನ್ನೂ ಆಕಾಶದ್ದೇ. ನಡುರಾತ್ರಿ ಮಳೆ ಹನಿಯಿತೆಂದರೆ ಆಟಗಾರರೂ ಸಂಘಟಕರೂ ಕೂಡಿ ತುಂಡು ತುಂಡಾಗಿ ಮ್ಯಾಟನ್ನು ಬಿಡಿಸಿ ಶಾಲೆಯ ಜಗಲಿಗೆ ಹೊರುತ್ತಾರೆ, ಮಳೆ ಬಿಟ್ಟರೆ ಮತ್ತೆ ಹಾಸಿ ಬೆಳಗಿನವರೆಗೆ ಆಡಿಸುತ್ತಾರೆ.